ಸಂಡೂರಿನ ಕಡಲಲ್ಲಿ ತಿಮಿಂಗಿಲ ಇರಲಿಲ್ಲ

ಮರಿಯಮ್ಮನಹಳ್ಳಿ ಪಕ್ಕದ ಸಂಡೂರು ಗುಡ್ಡಗಳ ಅದಿರು ಒಂದು ಕಾಲದಲ್ಲಿ ಕಡಲತಳದಲ್ಲಿ ಕೂತ ಕಬ್ಬಿಣ ಅಂತ ನಾನು ಹೇಳಿದಾಗಲೆಲ್ಲ ಗೆಳೆಯರು ಕೇಳೋದು ಒಂದೇ: ತಿಮಿಂಗಿಲದ ಮೂಳೆ ಸಿಗುತ್ತಾ? ಇಲ್ಲ. ಆ ಕಡಲಿಗೆ ಸುಮಾರು 270 ಕೋಟಿ ವರ್ಷ. ಆಗ ಇದ್ದದ್ದು ಸೂಕ್ಷ್ಮಜೀವಿಗಳಷ್ಟೇ. ತಿಮಿಂಗಿಲಗಳ ಕತೆ ಬರೀ 5 ಕೋಟಿ ವರ್ಷದ್ದು. ಕಛ್‌ನ ಹಳೇ ಬೆಚ್ಚನೆ ಕಡಲಂಚಿನಲ್ಲಿ ಅವುಗಳ ಮೂಳೆ ಸಿಕ್ಕಿವೆ.

ಅವುಗಳ ದಾಯಾದಿ ಸಿಕ್ಕಿದ್ದು ಮಾತ್ರ ಜಮ್ಮುವಿನ ಕಾಲಾಕೋಟ್‌ನಲ್ಲಿ. ಭೂವಿಜ್ಞಾನಿ ಎ. ರಂಗರಾವ್ ಅಲ್ಲಿಂದ ತಂದಿಟ್ಟಿದ್ದ ಕಲ್ಲುಗಳು, ಅವರು ತೀರಿಕೊಂಡ ಮೇಲೆ, ಪತ್ನಿಯಿಂದ ಹ್ಯಾನ್ಸ್ ಥೆವಿಸೆನ್ ಕೈ ಸೇರಿದವು. (ಬೇರೆ ಮನೆಯಾಗಿದ್ರೆ ಕಾಂಪೌಂಡ್ ಗೋಡೆ ಸೇರಿರೋವು.) ಸ್ವಚ್ಛಮಾಡುವಾಗ ತಲೆಬುರುಡೆಯೊಂದು ಅಕಸ್ಮಾತ್ ಮುರಿದು, ಕಿವಿಯೊಳಗಿನ ಮೂಳೆಯ ದಪ್ಪ ಗೋಡೆ ಕಂಡಿತು. ಅಲ್ಲಿವರೆಗೆ ಅದು ತಿಮಿಂಗಿಲ ಕುಲದ ಗುರುತು! 2007ರಲ್ಲಿ ಜಗತ್ತಿಗೆ ಗೊತ್ತಾಯ್ತು: ಇಂಡೋಹಯಸ್ ಎಂಬ ಈ ದಾಯಾದಿಗೆ ನಾಲ್ಕು ಕಾಲಿತ್ತು, ಗೊರಸಿತ್ತು, ಗಾತ್ರದಲ್ಲಿ ಆಡಿಗಿಂತಲೂ ಚಿಕ್ಕದು.