ವೀಣೆ ಎಂಬ ಮಾತು

ವೀಣೆ ಎಂದೊಡನೆ ನಮ್ಮ ಕಣ್ಣಿಗೆ ಕಟ್ಟುವ ವಾದ್ಯವು ಒಂದೇ: ಹಲಸಿನ ಮರದ ಕೊಡ, ಮೇಣದಲ್ಲಿ ಕೂರಿಸಿದ ೨೪ ಮೆಟ್ಟಿಲುಗಳು, ನುಡಿಸಲು ನಾಲ್ಕು ತಂತಿ, ಶ್ರುತಿತಾಳಗಳಿಗೆ ಮೂರು. ವೀಣೆ ಶೇಷಣ್ಣನವರು (೧೮೫೨–೧೯೨೬) ಮೈಸೂರಿನ ಹೆಸರನ್ನು ನಾಡಿನಾಚೆಗೆ ಒಯ್ದುದು ಈ ವಾದ್ಯದಿಂದಲೇ. ಆದರೆ ಈ ಮಾತು ವಾದ್ಯಕ್ಕಿಂತ ಬಹಳ ಹಿರಿಯದು.

ಐತರೇಯಾರಣ್ಯಕವು ಮನುಷ್ಯನ ದೇಹವನ್ನು ದೈವೀ ವೀಣೆಯೆಂದು ಕರೆದು, ಮಾನುಷ ವೀಣೆಯು ಅದರ ಅನುಕೃತಿಯೆಂದು ಹೇಳುತ್ತದೆ. ಪೂರ್ವದಲ್ಲಿ ವೀಣೆಗೆ ರೋಮಸಹಿತವಾದ ಚರ್ಮವನ್ನು ಹೊದಿಸುತ್ತಿದ್ದರೆಂಬ ಮಾತೂ ಅಲ್ಲಿದೆ. ಭಾರಹುತ, ಅಮರಾವತಿಗಳ ಶಿಲ್ಪಗಳಲ್ಲಿಯೂ, ೪ನೆಯ ಶತಮಾನದ ಸಮುದ್ರಗುಪ್ತನ ಚಿನ್ನದ ನಾಣ್ಯಗಳಲ್ಲಿಯೂ ಕಾಣುವ ವೀಣೆ ಬಿಲ್ಲಿನಂತೆ ಬಾಗಿದುದು. ಅದಕ್ಕೆ ಮೆಟ್ಟಿಲುಗಳಿಲ್ಲ, ಸ್ವರಕ್ಕೊಂದು ತಂತಿ. ಪಾಶ್ಚಾತ್ಯರು ಹಾರ್ಪ್ ಎನ್ನುವ ವಾದ್ಯದ ಜಾತಿ ಇದು. ತಮಿಳರ ಯಾಳ್ ಇದರ ಸೋದರಿ. ಬರ್ಮೀಯರ ಸೌಂಗ್ ಇಂದಿಗೂ ಜೀವಂತವಾಗಿರುವ ಇದರ ಬಂಧು.

ಹೆಸರಿನ ಪ್ರಯಾಣವೂ ಸ್ವಾರಸ್ಯವಾದುದು. ಕಾಂಬೋಜದ ಖ್ಮೇರ್ ಭಾಷೆಯಲ್ಲಿ ಅದು ‘ಪಿನ್’ ಎಂದಾಗಿ ಬಿಲ್ಲಿನ ವೀಣೆಯ ಅರ್ಥವನ್ನೇ ಉಳಿಸಿಕೊಂಡಿತು. ಸಯಾಮಿನಲ್ಲಿ ಅದೇ ಶಬ್ದ ಉದ್ದ ಕತ್ತಿನ ತಂತಿವಾದ್ಯವನ್ನು ಸೂಚಿಸಿತು. ಹಿಂದೂಸ್ಥಾನದಲ್ಲಿ ‘ಬೀನ್’ ಎಂದರೆ ಎರಡು ಸೋರೆಬುರುಡೆಗಳ ರುದ್ರವೀಣೆ. ಹಾವಾಡಿಗನ ಪುಂಗಿಗೂ ಅದೇ ಹೆಸರು! ಊದುವ ವಾದ್ಯಕ್ಕೂ ತಂತಿಯ ಹೆಸರು ಹತ್ತಿತೆಂದ ಮೇಲೆ, ಶಬ್ದವೊಂದನ್ನೇ ನಂಬಿ ವಸ್ತುವನ್ನು ಊಹಿಸುವುದು ಎಷ್ಟು ಅಪಾಯಕರವೆಂಬುದು ಸ್ಪಷ್ಟವಷ್ಟೆ.

ಈ ಅಪಾಯ ಬರಿಯ ಕುತೂಹಲದ ವಿಷಯವಲ್ಲ. ನಾಟ್ಯಶಾಸ್ತ್ರದಲ್ಲಿ ಭರತನು ೨೨ ಶ್ರುತಿಗಳನ್ನು ತೋರಿಸಲು ಸಮಾನವಾದ ಎರಡು ವೀಣೆಗಳನ್ನು ತೆಗೆದುಕೊಂಡು, ಒಂದನ್ನು ಕದಲಿಸದೆ, ಇನ್ನೊಂದರ ಸ್ವರಗಳನ್ನು ಮೆಟ್ಟಮೆಟ್ಟಲಾಗಿ ಇಳಿಸುತ್ತ ಹೋಗುತ್ತಾನೆ. ಇಂದಿನ ವೀಣೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಓದಿದವರಿಗೆ ಇದು ಒಗಟು. ಇದರಲ್ಲಿ ಒಂದು ತಂತಿಯನ್ನು ಸಡಿಲಿಸಿದರೆ ಅದರ ಮೇಲಿನ ಸ್ವರಗಳೆಲ್ಲವೂ ಒಟ್ಟಿಗೆ ಇಳಿದುಬಿಡುತ್ತವೆ. ಭರತನು ಹೇಳುವ ಚಿತ್ರಾ ವೀಣೆಗೆ ಏಳು ತಂತಿ, ವಿಪಂಚಿಗೆ ಒಂಬತ್ತು. ಸ್ವರಕ್ಕೊಂದು ತಂತಿಯೆಂದು ತಿಳಿದೊಡನೆ ಬೇಕಾದ ಸ್ವರವೊಂದನ್ನೇ ಪ್ರತ್ಯೇಕವಾಗಿ ಇಳಿಸಬಹುದೆಂಬುದು ಹೊಳೆದು, ಪ್ರಯೋಗವು ತಾನಾಗಿ ತಿಳಿಯಾಗುತ್ತದೆ.

ಕಾಲಕ್ರಮದಲ್ಲಿ ಬಿಲ್ಲಿನ ವೀಣೆ ನಮ್ಮಲ್ಲಿ ಮರೆಯಾಯಿತು; ಕೋಲಿಗೆ ಬುರುಡೆ ಕಟ್ಟಿದ ವೀಣೆಗಳು ಮೇಲಾದವು. ೧೩ನೆಯ ಶತಮಾನದ ಶಾರ್ಙ್ಗದೇವನು ಏಕತಂತ್ರೀ, ಕಿನ್ನರೀ ಮೊದಲಾದವನ್ನು ವರ್ಣಿಸಿದ್ದಾನೆ. ಕಿನ್ನರಿಯ ಹೆಸರನ್ನು ಹೊತ್ತ ಬೊಮ್ಮಯ್ಯ ನಮ್ಮ ಶರಣರಲ್ಲೊಬ್ಬ. ೧೭ನೆಯ ಶತಮಾನದಲ್ಲಿ ತಂಜಾವೂರಿನ ರಘುನಾಥನಾಯಕನ ಕಾಲಕ್ಕೆ ಇಂದಿನ ವೀಣೆಯ ರೂಪ ನಿಂತಿತೆಂದು ಪ್ರತೀತಿ.

ಆದುದರಿಂದ ರಂಗಭೂಮಿಯಲ್ಲಿ ಉದಯನನ ಕೈಗೆ ತಂಜಾವೂರಿನ ವೀಣೆಯನ್ನು ಕೊಡುವಾಗ ನಾವು ಸುಮಾರು ಎರಡು ಸಾವಿರ ವರ್ಷಗಳನ್ನು ಒಂದೇ ನೆಗೆತಕ್ಕೆ ದಾಟುತ್ತಿದ್ದೇವೆಂಬ ಎಚ್ಚರವಿರಲಿ. ಹಳೆಯ ಗ್ರಂಥಗಳಲ್ಲಿ ಪರಿಚಿತವಾದ ಮಾತು ಕಂಡಲ್ಲಿಯೇ ನಾವು ಹೆಚ್ಚು ಜಾಗರೂಕರಾಗಿರಬೇಕು.