ಮೋಟಾರಿನ ಕಮಾನು ಮತ್ತು ಅದರ ಕೀಲು

ಧರ್ಮಸ್ಥಳದ ಕಾರು ಸಂಗ್ರಹದಂಥ ಸ್ಥಳಗಳಲ್ಲಿ ಹಳೆಯ ಮೋಟಾರು ಗಾಡಿಗಳನ್ನು ತಾವು ಕಂಡಿರಬಹುದು. ಮಡಿಸುವ ಚಾವಣಿಯ ಗಾಡಿಯೊಂದು ಎದುರಾದರೆ ನೋಡುವವರ ಕಣ್ಣು ಮೊದಲು ಹೊಳೆಯುವ ದೀಪಗಳ ಕಡೆಗೆ ಹೋಗುತ್ತದೆ, ಆಮೇಲೆ ಗಾಲಿಗಳ ಕಡೆಗೆ. ಚಾವಣಿಯನ್ನು ಗಾಡಿಗೆ ಹಿಡಿದಿಟ್ಟಿರುವ ಕೀಲು, ಕೊಕ್ಕೆ, ಗುಂಡಿ, ಪಟ್ಟಿಗಳನ್ನು ಕೇಳುವವರಿಲ್ಲ. ಗಾಡಿಯ ವಯಸ್ಸನ್ನು ಹೇಳಬಲ್ಲ ಸಾಕ್ಷಿಗಳು ಇವು. ದುರಸ್ತಿಯ ಹೆಸರಿನಲ್ಲಿ ಮೊದಲು ಗುಜರಿಗೆ ಬೀಳುವವೂ ಇವೇ.

ತೆಗೆದು ಹಾಕುವ ಚಾವಣಿ ನಮ್ಮ ನಾಡಿಗೆ ಮೋಟಾರಿನೊಡನೆ ಬಂದುದಲ್ಲ. ಶಿರಸಿ, ಸಿದ್ದಾಪುರ, ಯಲ್ಲಾಪುರ ಸೀಮೆಯ ಎತ್ತಿನ ಗಾಡಿಯನ್ನೇ ನೆನೆಯಿರಿ. ಅಡಿಕೆಯನ್ನೋ ಭತ್ತವನ್ನೋ ಹೇರುವಾಗ ಗಾಡಿ ಬೋಳು. ಮನೆಮಂದಿ ಜಾತ್ರೆಗೆ ಹೊರಟರೆ ಅದೇ ಗಾಡಿಗೆ ಬಿದಿರಿನ ದಬ್ಬೆ ಬಾಗಿಸಿದ ಕಮಾನು, ಮೇಲೊಂದು ಚಾಪೆ. ಕುಮಟೆಗೆ ಇಳಿಯುವ ದೇವಿಮನೆ ಘಟ್ಟದಲ್ಲಾಗಲಿ, ಅಂಕೋಲೆಗೆ ಇಳಿಯುವ ಅರಬೈಲು ಘಟ್ಟದಲ್ಲಾಗಲಿ ಗಾಡಿ ಕುಲುಕಿದಾಗ ಕಮಾನನ್ನು ಉಳಿಸುವುದು ಬಿದಿರಿಗಿಂತ ಹೆಚ್ಚಾಗಿ ಅದನ್ನು ಕಟ್ಟಿದ ಹುರಿ. ಹುರಿಯ ಕಟ್ಟು ತುಸು ಓಲಾಡುತ್ತದೆ, ಆದ್ದರಿಂದ ದಬ್ಬೆ ಮುರಿಯುವುದಿಲ್ಲ. 19ನೆಯ ಶತಮಾನದಲ್ಲಿ ಬಯಲುಸೀಮೆಯ ಹತ್ತಿಯೂ ಘಟ್ಟವಿಳಿದು ಕುಮಟೆಯ ಬಂದರಿಗೆ ಹೋಗುತ್ತಿತ್ತು. ವಿಲಾಯಿತಿಯ ಪೇಟೆಯಲ್ಲಿ ಅದಕ್ಕೆ ‘ಕುಮಟಾ’ ಹತ್ತಿಯೆಂದೇ ಹೆಸರು.

ಯುರೋಪಿನಲ್ಲಿ ಈ ಹುರಿಯ ಕೆಲಸವನ್ನು ಕಬ್ಬಿಣದ ಕೀಲು ವಹಿಸಿಕೊಂಡಿತು. ಜರ್ಮನಿಯ ಲಾಂಡೌ ಎಂಬ ಊರಿನ ಹೆಸರು ಹೊತ್ತ ಕುದುರೆ ಸಾರೋಟಿಗೆ ಹಿಂದಕ್ಕೂ ಮುಂದಕ್ಕೂ ಮಡಿಸಬಹುದಾದ ಚರ್ಮದ ಚಾವಣಿಯಿತ್ತು. 1886ರಲ್ಲಿ ಕಾರ್ಲ್ ಬೆಂಜ್ ಹಕ್ಕುಪತ್ರ ಪಡೆದ ಮೂರು ಗಾಲಿಯ ಮೋಟಾರಿಗೆ ಚಾವಣಿಯೇ ಇರಲಿಲ್ಲ. ಮುಂದೆ ಮೋಟಾರಿಗೂ ನೆರಳು ಬೇಕೆನಿಸಿದಾಗ ಸಾರೋಟು ಮಾಡುವವರ ವಿದ್ಯೆಯೇ ನೆರವಿಗೆ ಬಂದಿತು. ಹಬೆಯಲ್ಲಿ ಬಾಗಿಸಿದ ಮರದ ಕಮಾನು, ಅದರ ತುದಿಯನ್ನು ಹಿಡಿಯುವ ಕಬ್ಬಿಣದ ಗೂಡು, ಮಡಿಸಲು ಕೀಲು, ಮೇಲೆ ಮೇಣಗಪ್ಪಡ. 1885ರಲ್ಲಿ ಹೆರಿಬರ್ಟ್ ಬಾವರ್ ಎಂಬಾತ ಜರ್ಮನಿಯಲ್ಲಿ ಹಕ್ಕುಪತ್ರ ಪಡೆದ ಒತ್ತುಗುಂಡಿಯ ಬಳಗವೂ ಇದರೊಡನೆ ಸೇರಿತು.

1908ರಿಂದ 1927ರವರೆಗೆ ತಯಾರಾದ ಫೋರ್ಡ್ ‘ಟಿ’ ಗಾಡಿ ಇದಕ್ಕೆ ಒಳ್ಳೆಯ ನಿದರ್ಶನ. ಮೊದಲ ವರ್ಷಗಳ ಗಾಡಿಗಳಲ್ಲಿ ಚಾವಣಿಯಿಂದ ಉದ್ದನೆಯ ಚರ್ಮದ ಪಟ್ಟಿಗಳು ಗಾಡಿಯ ಮುಂಭಾಗಕ್ಕೆ ಬಂದು ಬಿಗಿಯುತ್ತಿದ್ದವು. ಮುಂದೆ ಚಾವಣಿಯನ್ನು ಎದುರುಗಾಜಿನ ಚೌಕಟ್ಟಿಗೇ ಬಿಗಿಯತೊಡಗಿದರು. 1923ರ ಮಾದರಿಯಲ್ಲಿ ಒಬ್ಬನೇ ಏರಿಸಿ ಇಳಿಸಬಹುದಾದ ಚಾವಣಿ ಬಂದಿತು. ಹೀಗೆ ಪಟ್ಟಿಯ ಗುರುತು, ಕೀಲಿನ ರೂಪ ಇವೆರಡನ್ನು ಓದಬಲ್ಲವನಿಗೆ ಗಾಡಿಯ ಕಾಲ ತಿಳಿಯುತ್ತದೆ; ಶಾಸನದ ಲಿಪಿಯನ್ನು ನೋಡಿ ಶತಮಾನವನ್ನು ಹೇಳುವಂತೆಯೇ. ಅಮೆರಿಕೆಯಲ್ಲಿ 1919ರಲ್ಲಿ ಮುಚ್ಚಿದ ಗಾಡಿಗಳು ಹತ್ತರಲ್ಲಿ ಒಂದರಷ್ಟಿದ್ದವು; 1927ರ ವೇಳೆಗೆ ಐದರಲ್ಲಿ ನಾಲ್ಕನ್ನು ಮೀರಿದವು. ಮಡಿಸುವ ಚಾವಣಿಯ ಬಿಡಿಭಾಗಗಳನ್ನು ಮಾಡುವ ಕೈಗಳೂ ಅಷ್ಟೇ ಬೇಗ ಕಡಮೆಯಾದವು.

ಜೂನಿನಿಂದ ಸೆಪ್ಟೆಂಬರಿನವರೆಗೆ ಮಳೆ ಹೊಯ್ಯುವ ಮಲೆನಾಡು ಇಂಥ ಗಾಡಿಗೆ ಕಠಿಣ ಪರೀಕ್ಷೆ. ನೀರು ಮೊದಲು ನುಗ್ಗುವುದು ಗುಂಡಿ ಬಡಿದ ತೂತಿನಲ್ಲಿ. ಅಲ್ಲಿಂದ ಮರಕ್ಕೆ ಇಳಿದು ತಿರುಪುಮೊಳೆಯ ಸುತ್ತ ಮರವನ್ನು ಕೊಳೆಯಿಸುತ್ತದೆ. ಓಕ್ ಮರವಾದರೆ ಅದರ ಒಗರು ರಸವೇ ಕಬ್ಬಿಣವನ್ನು ತಿನ್ನುತ್ತದೆ. ಒದ್ದೆ ಚಾವಣಿಯನ್ನು ಮಡಿಸಿಟ್ಟರೆ ಬಟ್ಟೆಗೆ ಬೂಷ್ಟು, ಕೀಲಿಗೆ ತುಕ್ಕು. ಆಮೇಲೆ ಬಲವಂತವಾಗಿ ಎಳೆದಾಗ ಮುರಿಯುವುದು ಕಮಾನು. ಕಾರಣ ಮಾತ್ರ ಕೀಲು.

ಆದ್ದರಿಂದ ದುರಸ್ತಿಗೆ ಕೈಹಾಕುವವರು ಬಿಚ್ಚುವ ಮೊದಲೇ ಪ್ರತಿಯೊಂದು ಭಾಗದ ಚಿತ್ರ ಬರೆದು, ಎಡ ಬಲ ಗುರುತಿಸಿ, ಎಣಿಸಿ ಇಡಬೇಕು. ಹರಿದ ಬಟ್ಟೆಯನ್ನೂ ಎಸೆಯಬಾರದು. ಗುಂಡಿಗಳ ಅಂತರವನ್ನು ಹೇಳುವ ಅಳತೆಪಟ್ಟಿ ಅದೇ. ಹಿಡಿದ ಕೀಲನ್ನು ಸುತ್ತಿಗೆಯಿಂದ ಬಡಿಯದೆ, ಎಣ್ಣೆ ಹಾಕಿ ಕೆಲವು ದಿನ ಕಾಯುವುದು ಲೇಸು. ಸವೆದ ಕೀಲಿನ ತೂತನ್ನು ದುಂಡಗೆ ಕೊರೆದು ಒಳಗೆ ಹಿತ್ತಾಳೆಯ ಬುಶ್ ಕೂರಿಸಿದರೆ ಹಳೆಯ ತುಂಡು ಉಳಿಯುತ್ತದೆ.

ತುಂಡು ಕಳೆದೇಹೋಗಿದ್ದರೆ ಇನ್ನೊಂದು ಬದಿಯದನ್ನು ನೋಡಿ ಎರಕ ಹೊಯ್ಯಬೇಕು. ಗಾಲಿ ತಿರುಗುವ ಅಚ್ಚಿಗೂ ಲೋಹ ಎರೆಯುವ ಅಚ್ಚಿಗೂ ಕನ್ನಡದಲ್ಲಿ ಒಂದೇ ಪದವಿರುವುದು ಇಲ್ಲಿ ನೆನಪಾಗುತ್ತದೆ. ಮೇಣದ ರೂಪ ಮಾಡಿ, ಮಣ್ಣು ಮೆತ್ತಿ, ಮೇಣವನ್ನು ಕರಗಿಸಿ ಲೋಹ ಎರೆಯುವ ವಿಧಾನವನ್ನು 12ನೆಯ ಶತಮಾನದ ಕಲ್ಯಾಣದ ಚಾಲುಕ್ಯ ಅರಸು ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ ವಿವರಿಸುತ್ತದೆ. ಮೇಣದ ತೂಕಕ್ಕೆ ಎಷ್ಟು ಪಟ್ಟು ಲೋಹ ಬೇಕೆಂಬ ಲೆಕ್ಕವನ್ನೂ ಕೊಡುತ್ತದೆ. ವಿಗ್ರಹಕ್ಕೆ ಹೇಳಿದ ವಿದ್ಯೆ ಮೋಟಾರಿನ ಕೊಕ್ಕೆಗೂ ಸಲ್ಲುತ್ತದೆ. ಒಂದು ಎಚ್ಚರಿಕೆ ಅಗತ್ಯ: ಹಿತ್ತಾಳೆ ಆರುವಾಗ 100 ಮಿಲಿಮೀಟರಿಗೆ ಸುಮಾರು ಒಂದೂವರೆ ಮಿಲಿಮೀಟರು ಕುಗ್ಗುತ್ತದೆ. ಹಳೆಯದರಿಂದ ನೇರವಾಗಿ ಅಚ್ಚು ತೆಗೆದರೆ ಹೊಸದು ಕಿರಿದಾಗಿ ಗೂಡಿನಲ್ಲಿ ಸಡಿಲಾಗುತ್ತದೆ. ಮಾದರಿಯನ್ನು ಅಷ್ಟು ಹಿರಿದಾಗಿ ಮಾಡಿಕೊಳ್ಳಬೇಕು.

ಇದಕ್ಕೆಲ್ಲ ದೂರದ ಕಾರ್ಖಾನೆಯೇ ಬೇಕೆಂದಿಲ್ಲ. ಕಬ್ಬಿಣ ಬಡಿಯುವವರು, ಹಿತ್ತಾಳೆ ಎರೆಯುವವರು, ಮರ ಬಾಗಿಸುವವರು, ದಪ್ಪ ಬಟ್ಟೆ ಹೊಲಿಯುವವರು ಕೂಡಿದರೆ ಸಾಕು. ತಮ್ಮ ಊರಿನ ಕೊಟ್ಟಿಗೆಯಲ್ಲಿ ಹಳೆಯ ಗಾಡಿ, ಅದು ಎತ್ತಿನದಾಗಲಿ ಮೋಟಾರಾಗಲಿ, ಇದ್ದರೆ, ಗುಜರಿಯವನನ್ನು ಕರೆಯುವ ಮುನ್ನ ಇವರಲ್ಲಿ ಒಬ್ಬರನ್ನು ಕರೆದು ಅದರ ಕೀಲನ್ನು ತೋರಿಸಿರಿ.