ಅಂತರಿಕ್ಷದ ದಂಡನಾಯಕ

1954ರ ಬೇಸಗೆಯಲ್ಲಿ, ಕ್ಯಾಲಿಫೋರ್ನಿಯದ ಇಂಗಲ್‌ವುಡ್ ಪಟ್ಟಣದಲ್ಲಿ, ಹಿಂದೆ ಚರ್ಚಿನ ಶಾಲೆಯಾಗಿದ್ದ ಕಟ್ಟಡವೊಂದನ್ನು ಹಿಡಿದು, ಸಮವಸ್ತ್ರವನ್ನು ಕಳಚಿಟ್ಟು ನಾಗರಿಕರ ಉಡುಪನ್ನು ಧರಿಸಿದ ಕೆಲವರು ಸೇನಾಧಿಕಾರಿಗಳು ಸದ್ದಿಲ್ಲದೆ ಒಂದು ಕಾರ್ಯಾಲಯವನ್ನು ತೆರೆದರು. ಖಂಡಾಂತರ ಕ್ಷಿಪಣಿಯ ನಿರ್ಮಾಣವೇ ಅವರ ಕಾರ್ಯ. ಅವರ ನಾಯಕ ಬ್ರಿಗೇಡಿಯರ್ ಜನರಲ್ ಬರ್ನಾರ್ಡ್ ಶ್ರೀವರ್. 1910ರಲ್ಲಿ ಜರ್ಮನಿಯ ಬ್ರೆಮೆನ್ ನಗರದಲ್ಲಿ ಜನಿಸಿ, ಮೊದಲ ಮಹಾಯುದ್ಧದ ನಡುವೆ ಅಮೆರಿಕವನ್ನು ಸೇರಿ, ಟೆಕ್ಸಾಸಿನಲ್ಲಿ ಬಾಲ್ಯದಲ್ಲಿಯೇ ತಂದೆಯನ್ನು ಕಳೆದುಕೊಂಡ ಈತನನ್ನು, ಗಾಲ್ಫ್ ಮೈದಾನದ ಬದಿಯಲ್ಲಿ ತಿಂಡಿಯ ಅಂಗಡಿಯಿಟ್ಟು ತಾಯಿಯೇ ಸಾಕಿ ಸಲಹಿದಳು. ವೈಮಾನಿಕ ವೃತ್ತಿ, ಸ್ಟ್ಯಾನ್‌ಫರ್ಡಿನ ವ್ಯಾಸಂಗ, ಪೆಸಿಫಿಕ್ ರಣರಂಗ, ಇವೆಲ್ಲವೂ ತರುವಾಯದ ಮಾತು.

ಜಲಜನಕ ಬಾಂಬಿನ ಭಾರವನ್ನು ಬಹಳವಾಗಿ ತಗ್ಗಿಸಬಹುದೆಂದು ವಾನ್ ನಾಯ್ಮನ್, ಟೆಲ್ಲರ್ ಮೊದಲಾದ ವಿದ್ವಾಂಸರು 1953ರಲ್ಲಿ ಹೇಳಿದುದನ್ನು ಕೇಳಿದೊಡನೆಯೇ, ಇನ್ನು ಅದನ್ನು ಹೊರುವುದಕ್ಕೆ ವಿಮಾನವೇ ಬೇಕಿಲ್ಲವೆಂಬುದು ಶ್ರೀವರನಿಗೆ ಹೊಳೆಯಿತು. ಆದರೆ ಬಾಂಬರುಗಳನ್ನೇ ನಚ್ಚಿದ್ದ ಲೆಮೇಯಂತಹ ಹಿರಿಯ ಸೇನಾನಿಗಳನ್ನು ಒಪ್ಪಿಸುವುದು ಸುಲಭಸಾಧ್ಯವಾಗಿರಲಿಲ್ಲ. ಶತ್ರುವಿಗಿಂತ ಸ್ವಪಕ್ಷದ ಕಚೇರಿಗಳೊಡನೆಯೇ ಈತ ಹೆಚ್ಚು ಹೋರಾಡಿದನೆಂದರೆ ಅತಿಶಯೋಕ್ತಿಯಾಗದು. ವಿನ್ಯಾಸ, ಪರೀಕ್ಷೆ, ಕಾರ್ಖಾನೆ, ಉಡಾವಣೆಯ ನೆಲೆ, ಸಿಬ್ಬಂದಿಯ ಶಿಕ್ಷಣ ಇವುಗಳನ್ನು ಒಂದು ಮುಗಿದ ಮೇಲೆ ಇನ್ನೊಂದೆಂಬಂತೆ ಕೈಗೊಳ್ಳದೆ ಏಕಕಾಲದಲ್ಲಿಯೇ ನಡೆಯಿಸುವುದು ಅವನ ಪದ್ಧತಿ. ಒಂದರ ದೋಷ ಉಳಿದೆಲ್ಲವುಗಳಿಗೂ ತಗಲುವ ಅಪಾಯ ಅದರಲ್ಲಿದ್ದರೂ ಕಾಲ ಉಳಿಯುತ್ತಿತ್ತು. ಹೀಗೆ ನಿರ್ಮಿಸಿದ ಅಟ್ಲಾಸ್ ಕ್ಷಿಪಣಿಯ ಮೊದಲ ಎರಡು ಹಾರಾಟಗಳು ವಿಫಲವಾಗಿ, ಮೂರನೆಯದು 1957ರ ಡಿಸೆಂಬರಿನಲ್ಲಿ ಸಫಲವಾಯಿತು.

ಅದೇ ವರ್ಷದ ಫೆಬ್ರವರಿಯಲ್ಲಿ ಸ್ಯಾನ್ ಡಿಯೇಗೊ ನಗರದಲ್ಲಿ ಮಾತನಾಡುತ್ತ, ಮುಂದಿನ ದಶಕಗಳ ನಿರ್ಣಾಯಕ ಕದನಗಳು ಅಂತರಿಕ್ಷದಲ್ಲಿ ನಡೆದಾವೆಂದು ಶ್ರೀವರ್ ಸಾರಿದ್ದನು. ಭಾಷಣಗಳಲ್ಲಿ ಅಂತರಿಕ್ಷದ ಪ್ರಸ್ತಾಪವೇ ಕೂಡದೆಂದು ಮೇಲಿನವರಿಂದ ಆಜ್ಞೆ ಬಂದಿತು! ಅಕ್ಟೋಬರ್ 4ರಂದು ಸೋವಿಯತ್ ಉಪಗ್ರಹ ಸ್ಪುಟ್ನಿಕ್ ಮೇಲೇರಿದ ಬಳಿಕ ಆ ಆಜ್ಞೆ ಯಾರಿಗೂ ಬೇಡವಾಯಿತು.

1960ರ ಆಗಸ್ಟಿನಲ್ಲಿ, ಕಕ್ಷೆಯಿಂದ ಛಾಯಾಚಿತ್ರದ ಸುರುಳಿಯನ್ನು ಹೊತ್ತು ಧುಮುಕುಕೊಡೆಯಲ್ಲಿ ಇಳಿಯುತ್ತಿದ್ದ ಪೆಟ್ಟಿಗೆಯನ್ನು ವಿಮಾನವೊಂದು ನಡುಬಾನಿನಲ್ಲಿಯೇ ಕೊಕ್ಕೆಯಿಂದ ಹಿಡಿಯಿತು. ಗುಪ್ತಚರ ಸಂಸ್ಥೆಯೊಡನೆ ಕೂಡಿ ಶ್ರೀವರನ ವಿಭಾಗವು ನಡೆಯಿಸಿದ ಆ ಕರೋನಾ ಯೋಜನೆಯ ಒಂದೇ ಸುರುಳಿ, ಅದುವರೆಗಿನ ಯು-2 ಬೇಹುಗಾರಿಕೆ ವಿಮಾನಗಳೆಲ್ಲವೂ ಸೆರೆಹಿಡಿದುದಕ್ಕಿಂತ ಹೆಚ್ಚಿನ ಸೋವಿಯತ್ ಭೂಭಾಗವನ್ನು ತೋರಿಸಿತು. ಮಾರಕಾಸ್ತ್ರಗಳನ್ನು ನಿರ್ಮಿಸಿದವನಿಗೆ ಶಾಂತಿದೂತನ ಪಟ್ಟವನ್ನು ಕಟ್ಟಲು ನನ್ನ ಮನಸ್ಸೊಪ್ಪದು. ಆದರೂ ಊಹೆಯ ಭಯಕ್ಕೆ ಬದಲಾಗಿ ಕಣ್ಣಿನ ಸಾಕ್ಷ್ಯವನ್ನು ಒದಗಿಸಿದ ಈ ಕಾರ್ಯವೇ ಅವನ ಸೇವೆಯಲ್ಲಿ ಶ್ರೇಷ್ಠವಾದುದೆಂದು ತೋರುತ್ತದೆ.

ನಾಲ್ಕು ತಾರೆಗಳ ಜನರಲ್ ಆಗಿ 1966ರಲ್ಲಿ ನಿವೃತ್ತನಾದ ಶ್ರೀವರನ ಹೆಸರನ್ನು 1998ರಲ್ಲಿ, ಅವನು ಬದುಕಿದ್ದಾಗಲೇ, ಕೊಲೊರಾಡೊದ ವಾಯುನೆಲೆಯೊಂದಕ್ಕೆ ಇಟ್ಟರು. 2005ರ ಜೂನ್ 20ರಂದು ಅವನು ತೀರಿಕೊಂಡನು. ಅಂತರಿಕ್ಷಕ್ಕೆಂದೇ ಪ್ರತ್ಯೇಕ ಸೇನೆಯನ್ನು ಅಮೆರಿಕ ಸ್ಥಾಪಿಸಿದ್ದು 2019ರ ಡಿಸೆಂಬರಿನಲ್ಲಿ.